ನಿತ್ಯದ ಸೂಜಿಯಿಂದ ವಾರದ ಸೂಜಿಗೆ

ವೈದ್ಯರ ಮುಂದೆ ಮೊದಲ ಸಲ ಕುಳಿತಾಗ ನನ್ನ ತೂಕ 94 ಕಿಲೋ. ಅವರು ಬರೆದುಕೊಟ್ಟದ್ದು ತೂಕ ಇಳಿಸುವ ಔಷಧ ಲಿರಾಗ್ಲುಟೈಡ್, ದಿನಕ್ಕೊಂದು ಚುಚ್ಚುಮದ್ದು. 0.6 ಮಿಲಿಗ್ರಾಂನಿಂದ ಆರಂಭಿಸಿ ವಾರಕ್ಕೊಂದು ಮೆಟ್ಟಿಲು ಹತ್ತಿ 3 ಮಿಲಿಗ್ರಾಂ ತಲುಪಬೇಕು. ಸೂಜಿಯ ಭಯ ಮೂರನೆಯ ದಿನಕ್ಕೇ ಹೋಯಿತು. ಹೋಗದೆ ಉಳಿದದ್ದು ನನ್ನ ಮರೆವು.

ಒಮ್ಮೆ ಪ್ರವಾಸದಲ್ಲಿ ನಾಲ್ಕು ದಿನ ಚುಚ್ಚುಮದ್ದಿನ ಪೆನ್ ಮುಟ್ಟಲಿಲ್ಲ. ಮರಳಿ ಬಂದವಳು ಏನೂ ಆಗಿಲ್ಲವೆಂಬಂತೆ ನೇರವಾಗಿ 3 ಮಿಲಿಗ್ರಾಂ ಚುಚ್ಚಿಕೊಂಡೆ. ಆ ರಾತ್ರಿ ಬಚ್ಚಲುಮನೆಯ ನೆಲವೇ ಹಾಸಿಗೆಯಾಯಿತು. ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ 0.6ರಿಂದಲೇ ಏರಬೇಕೆಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿತ್ತು, ಓದಿದ್ದು ಮರುದಿನ. ರಕ್ತದಲ್ಲಿ ಈ ಔಷಧ ಅರ್ಧಕ್ಕಿಳಿಯಲು ಸುಮಾರು 13 ಗಂಟೆ ಸಾಕು. ನಾಲ್ಕು ದಿನದಲ್ಲಿ ಹೊಟ್ಟೆ ಅದರ ಪರಿಚಯವನ್ನೇ ಮರೆತಿತ್ತು.

ಆರು ತಿಂಗಳಿಗೆ ಆರು ಕಿಲೋ ಇಳಿದು ತೂಕ ನಿಂತುಬಿಟ್ಟಿತು. ವಾರಕ್ಕೊಮ್ಮೆಯ ಔಷಧಗಳ ಬಗ್ಗೆ ಓದಿ, ಎರಡು ಪ್ರಯೋಗಗಳ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡು ಹೋದೆ: ಸೆಮಾಗ್ಲುಟೈಡ್‌ಗೆ 68 ವಾರದಲ್ಲಿ ಶೇಕಡಾ 14.9 ಇಳಿಕೆ, ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣಕ್ಕೆ 72 ವಾರದಲ್ಲಿ 20.9. ವೈದ್ಯರು ನನ್ನ ಹಾಳೆಯನ್ನು ಮಡಚಿಟ್ಟರು. ಬೇರೆ ಬೇರೆ ಜನರ ಮೇಲೆ ನಡೆದ ಪ್ರಯೋಗಗಳನ್ನು ಹೀಗೆ ತೂಗಬಾರದು, ಒಂದೇ ಪ್ರಯೋಗದಲ್ಲಿ ಎರಡೂ ಔಷಧ ಎದುರುಬದುರಾದದ್ದನ್ನು ನೋಡಬೇಕು ಎಂದರು. ಅಂಥವು ಎರಡಿದ್ದವು. ಒಂದರಲ್ಲಿ ಟಿರ್ಜೆಪಟೈಡ್ 20.2, ಸೆಮಾಗ್ಲುಟೈಡ್ 13.7. ಇನ್ನೊಂದರಲ್ಲಿ ಸೆಮಾಗ್ಲುಟೈಡ್ 15.8, ಲಿರಾಗ್ಲುಟೈಡ್ 6.4. ನನ್ನ ಆರು ಕಿಲೋ ಲೆಕ್ಕ ಹಾಕಿದರೆ ಅದೂ ಶೇಕಡಾ 6.4! ಅಷ್ಟು ದಿನ ಸೋಮಾರಿ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೆ.

ಹಾಗಾದರೆ ದೊಡ್ಡ ಅಂಕಿಯೇ ಗೆದ್ದಂತೆ ಎಂದುಕೊಂಡೆ. ಅವರು ಕೇಳಿದ ಪ್ರಶ್ನೆಗಳು ಬೇರೆಯೇ ಇದ್ದವು. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡ್ಯುಲರಿ ಎಂಬ ಅಪರೂಪದ ಬಗೆಯ ಕ್ಯಾನ್ಸರ್ ಇತ್ತೇ? ಇದ್ದರೆ ಮೂರೂ ಔಷಧ ಬೇಡ. ಮೇದೋಜೀರಕ ಗ್ರಂಥಿಯ ಉರಿಯೂತ, ಪಿತ್ತಕೋಶದ ಕಲ್ಲು? ಹೃದ್ರೋಗ? ಹೃದ್ರೋಗವಿದ್ದಿದ್ದರೆ ಅವರ ಒಲವು ಸೆಮಾಗ್ಲುಟೈಡ್ ಕಡೆಗಿರುತ್ತಿತ್ತು: ಹೃದ್ರೋಗವಿದ್ದು ಮಧುಮೇಹವಿಲ್ಲದ 17,604 ಜನರ ಅಧ್ಯಯನದಲ್ಲಿ ಅದು ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವನ್ನು ಒಟ್ಟಾರೆ ಶೇಕಡಾ 20ರಷ್ಟು ತಗ್ಗಿಸಿತ್ತು. ನನಗೆ ಹೃದ್ರೋಗವಿಲ್ಲ. ಆದರೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೆ, ಮತ್ತು ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸಿ ಮಾತ್ರೆಯ ಬಲ ಕುಂದಿಸಬಹುದು. ಆರಂಭದ ನಾಲ್ಕು ವಾರ ಮತ್ತು ಪ್ರಮಾಣ ಏರಿಸಿದಾಗಲೆಲ್ಲ ನಾಲ್ಕು ವಾರ ಬೇರೆ ಉಪಾಯವೂ ಬೇಕು. ನಾನು ಓದಿದ್ದ ಹೋಲಿಕೆಗಳಲ್ಲಿ ಒಂದರಲ್ಲೂ ಇದು ಕಂಡಿರಲಿಲ್ಲ.

ಅದಕ್ಕೆ ಒಪ್ಪಿ ಟಿರ್ಜೆಪಟೈಡ್ ಆರಿಸಿಕೊಂಡೆ. 2.5 ಮಿಲಿಗ್ರಾಂ ನಾಲ್ಕು ವಾರ, ಆಮೇಲೆ 5, ಆಮೇಲೆ 7.5. ಭಾನುವಾರ ರಾತ್ರಿಗೆ ಅಲಾರಂ ಇಟ್ಟೆ; ಮರೆತರೂ ನಾಲ್ಕು ದಿನದೊಳಗೆ ತೆಗೆದುಕೊಳ್ಳಬಹುದು ಎಂಬುದೇ ನನ್ನಂಥವಳಿಗೆ ದೊಡ್ಡ ಸಮಾಧಾನ. ವಾಕರಿಕೆ ಲಿರಾಗ್ಲುಟೈಡ್‌ನಷ್ಟು ಕಾಡಲಿಲ್ಲ, ಮಲಬದ್ಧತೆ ಮಾತ್ರ ಸತಾಯಿಸಿತು. 10ಕ್ಕೆ ಏರಿದ ತಿಂಗಳು ಎರಡು ತುತ್ತಿಗೇ ಊಟ ಸಾಕೆನಿಸಿತು, ಮೆಟ್ಟಿಲು ಹತ್ತಿದರೆ ಕಾಲು ನಡುಗಿತು. ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತಿರಬಹುದೆಂದು ವೈದ್ಯರು 7.5ಕ್ಕೆ ಇಳಿಸಿ, ಪ್ರೋಟೀನ್ ಹೆಚ್ಚಿಸಿ, ಭಾರ ಎತ್ತುವ ವ್ಯಾಯಾಮ ಹೇಳಿದರು. ಅಲ್ಲೇ ಉಳಿದೆ. ಗರಿಷ್ಠ ಪ್ರಮಾಣವಾದ 15 ನನ್ನ ಪಾಲಿಗೆ ಬರಲೇ ಇಲ್ಲ, ಹೀಗಾಗಿ ಹಾಳೆಯಲ್ಲಿ ಬರೆದುಕೊಂಡಿದ್ದ 20.9 ಕೂಡ ನನ್ನದಾಗಲಿಲ್ಲ.

ಈಗ 77 ಕಿಲೋ, ಮೂರು ತಿಂಗಳಿನಿಂದ ಅಲುಗಿಲ್ಲ. ನಿಲ್ಲಿಸಬಹುದೇ ಎಂದು ಕೇಳಿದೆ. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ ಕಳೆದುಕೊಂಡ ತೂಕದ ಮೂರನೇ ಎರಡರಷ್ಟನ್ನು ಮರಳಿ ಪಡೆದಿದ್ದರು, ಟಿರ್ಜೆಪಟೈಡ್‌ನಲ್ಲೂ ತೂಕ ಮರಳುವುದು ಕಂಡಿದೆ ಎಂದರು. ಮುಂದಿನ ತಿಂಗಳು 5ಕ್ಕೆ ಇಳಿಸಿ ನೋಡುವುದೆಂದು ಮಾತಾಗಿದೆ. ಭಾನುವಾರದ ಅಲಾರಂ ಹಾಗೆಯೇ ಇದೆ.