ಸಾರಿನ ಡಬ್ಬಿಗೆ ಫಾಲ್ ಹಚ್ಚಿಕೊಡುವುದನ್ನು ಬಿಟ್ಟದ್ದು ಹೇಗೆ

ಒಬ್ಬರೇ ಹೊಲಿಗೆ ಅಂಗಡಿ ನಡೆಸುವವರಿಗೆ ಈ ಕಾಯಿಲೆ ಗೊತ್ತಿರುತ್ತದೆ. ಪಕ್ಕದ ಮನೆಯವರು ಸಾರು ಕೊಟ್ಟರೆ ಸಂಜೆಯೊಳಗೆ ಅವರ ಸೀರೆಗೆ ಫಾಲ್ ಹಚ್ಚಿಕೊಡದಿದ್ದರೆ ಸಮಾಧಾನವಿಲ್ಲ. ಇದು ಹುಟ್ಟುಗುಣ, ಹೋಗಲ್ಲ ಕಣೇ ಅಂತ ಜೊತೆಯ ಟೈಲರ್‌ಗಳೇ ನಕ್ಕಿದ್ದರು. ಹೋಯಿತು. ಈಗ ಅವರೇ ಹೇಗೆ ಅಂತ ಕೇಳುತ್ತಾರೆ.

ಮೊದಲು ದುಡ್ಡಿನ ಲೆಕ್ಕ. ಫಾಲ್–ಪಿಕೋಗೆ ನಮ್ಮ ಕಡೆ 100–120 ರೂಪಾಯಿ, ಲೈನಿಂಗ್ ಬ್ಲೌಸಿಗೆ 500ರ ಆಸುಪಾಸು. ಬಿಟ್ಟಿ ಹೊಲಿದು ಋಣ ತೀರಿಸಿದ್ದು ದಸರಾ–ದೀಪಾವಳಿ ಸಮಯದಲ್ಲಿ ತಿಂಗಳಿಗೆ ಎರಡು ಮೂರು ಸಾವಿರವಂತೂ ಆಗುತ್ತಿತ್ತು. ದುಡ್ಡಿಗಿಂತ ದೊಡ್ಡ ನಷ್ಟ ಬೇರೆ. ಕೊಟ್ಟವರು ಎರಡನೇ ಸಲ ಕೊಡಲು ಹಿಂಜರಿಯುತ್ತಾರೆ: "ಪಾಪ, ಏನಾದ್ರೂ ಕೊಟ್ರೆ ರಾತ್ರಿ ನಿದ್ದೆಗೆಟ್ಟು ಹೊಲಿದುಕೊಡ್ತಾಳೆ."

ಡಬ್ಬಿಯಿಂದಲೇ ಶುರು ಮಾಡಬೇಕು, ಕೈಗೆ ಸಿಗುವ ವಸ್ತು ಅದು. ಅದೇ ದಿನ ವಾಪಸ್ ಕೊಡಬಾರದು. ತೊಳೆದಿಟ್ಟು ಮಾರನೇ ದಿನ ಕೊಡುವುದು. ಪಾತ್ರೆ ಬರಿದಾಗಿ ಕೊಡಬಾರದೆಂಬ ಪದ್ಧತಿಗೆ ಒಂದು ಚಮಚ ಸಕ್ಕರೆ ಸಾಕು. ಚಮಚ ಎಂದರೆ ಚಮಚವೇ. ಕಾಲು ಕೆಜಿ ಹಾಕಿದರೆ ಹಳೇ ಲೆಕ್ಕ ಮತ್ತೆ ಶುರು. ಬಾಳೆಹಣ್ಣು ಇಟ್ಟು ನೋಡಿದೆ, ಒಂದು ಇಟ್ಟ ಕೈ ಅರ್ಧ ಡಜನ್‌ಗೆ ಹೋಗುತ್ತದೆ. ಸಕ್ಕರೆಯೇ ವಾಸಿ.

ಆಮೇಲೆ ನಾಲಿಗೆ. "ಅಯ್ಯೋ, ಯಾಕೆ ತೊಂದರೆ ತಗೊಂಡ್ರಿ" ಅನ್ನುವುದನ್ನು ಪೂರ್ತಿ ನಿಲ್ಲಿಸಬೇಕು. "ಸಾರು ಚೆನ್ನಾಗಿತ್ತು ಅಕ್ಕ, ಹುಳಿ ಸರಿಯಾಗಿತ್ತು," ಇಷ್ಟು ಹೇಳಿ ಬಾಯಿ ಮುಚ್ಚುವುದು. ಆಮೇಲಿನ ಮೌನದಲ್ಲಿ "ಬ್ಲೌಸ್ ಇದ್ರೆ ಕೊಡಿ" ಅಂತ ಹೊರಡುತ್ತದೆ, ಅಲ್ಲೇ ಹಲ್ಲು ಕಚ್ಚಬೇಕು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ನೋಡಿದೆ, ಎರಡು ಕೈ ಮುಗಿದ ಚಿತ್ರ ವಾಪಸ್ ಬರುತ್ತದೆ, ಅಷ್ಟೇ. ಎದುರಿಗೇ ಹೇಳಬೇಕು.

ಯಾರು ಏನು ಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು ಎನ್ನುವವರಿದ್ದಾರೆ. ನಮ್ಮಂಥವರಿಗೆ ಬೇಡವೇ ಬೇಡ. ಆರ್ಡರ್ ಬುಕ್ಕಿನ ಅಭ್ಯಾಸದ ಕೈ ಪಾಯಸ, ಕೋಸಂಬರಿ ಅಂತ ಬರೆದ ಪಕ್ಕದಲ್ಲೇ ಗೆರೆ ಎಳೆದು ರೂಪಾಯಿ ಕಾಲಂ ಮಾಡಿಬಿಡುತ್ತದೆ. ಮದುವೆ ಮುಯ್ಯಿ ಬೇರೆ, ಅದನ್ನು ಬರೆದಿಡಬೇಕು, ತೀರಿಸಲೂಬೇಕು. ಎರಡನ್ನೂ ಬೆರೆಸಬಾರದು.

ಕಷ್ಟದ ಭಾಗ ಕೈ ಖಾಲಿ ಇಡುವುದು. ಯಾರಾದರೂ ಬಂದು ಕೂತರೆ ಮಿಷನ್ ಸ್ವಿಚ್ ಆಫ್, ಕತ್ತರಿ ಡ್ರಾಯರಿಗೆ. ಹುಕ್ಕು ಹಾಕುವುದು, ಹೆಮ್ಮಿಂಗ್, ಕುಚ್ಚು, ಯಾವುದೂ ಇಲ್ಲ. ಮೊದಲ ಹತ್ತು ನಿಮಿಷ ಬೆರಳು ಸೆರಗಿನ ಅಂಚನ್ನೇ ಮಡಚುತ್ತಿರುತ್ತದೆ, ಮಡಚಲಿ. ಕಾಲು ಗಂಟೆಯಿಂದ ಶುರು ಮಾಡಿ ವಾರಕ್ಕೆ ಐದೈದು ನಿಮಿಷ ಏರಿಸಿದರೆ ಆಯಿತು. ಇದು ಪಳಗಿದ ಮೇಲೆ ಮದುವೆ ಮನೆಗೆ ಸೂಜಿ, ದಾರ, ಸೇಫ್ಟಿ ಪಿನ್ ಇಲ್ಲದೆ ಹೋಗಬೇಕು. ಬ್ಲೌಸ್ ಬಿಗಿಯಾಯಿತು ಅಂತ ನಾಲ್ಕು ಜನ ಹುಡುಕಿಕೊಂಡು ಬರುತ್ತಾರೆ. "ಇವತ್ತು ಏನೂ ತಂದಿಲ್ಲ" ಅಂದರೂ ಪಕ್ಕದಲ್ಲಿ ಎಲೆ ಹಾಕಿಸಿ ಕೂರಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಅವರಿಗೆ ಬೇಕಾದದ್ದು ಸೂಜಿಯಲ್ಲ. ಇದನ್ನು ಯಾರು ಹೇಳಿದರೂ ತಲೆಗೆ ಇಳಿಯುವುದಿಲ್ಲ, ಪಂಕ್ತಿಯಲ್ಲಿ ಕೂತು ಉಂಡೇ ನೋಡಬೇಕು.

ಕಾಯಕವೇ ಕೈಲಾಸ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿಕೊಂಡವರಿಗೆ ಒಂದು ಮಾತು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ಆ ಮಾತಿನ ಬೋರ್ಡನ್ನು ಯಾರೂ ಹಾಕಿಸುವುದಿಲ್ಲ.

ಕೆಲಸ ಬಿಟ್ಟು ಕೂತರೆ ಎದೆ ಡವಗುಟ್ಟುತ್ತದೆ, ವಾರಗಟ್ಟಲೆ ನಿದ್ದೆಯಿಲ್ಲ, ಬದುಕಿ ಏನು ಪ್ರಯೋಜನ ಅನ್ನಿಸುತ್ತದೆ ಎಂದಾದರೆ ಸಕ್ಕರೆ ಚಮಚದಿಂದ ಆಗದು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರಿ ಸೇವೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸಾರು ಕೊಟ್ಟು ಬ್ಲೌಸ್ ಕೀಳುವವರು. ಇರುತ್ತಾರೆ, ಗೌರಿ ಹಬ್ಬದ ಮುಂಚೆ ಜಾಸ್ತಿ. ಸಾರು ತಗೊಳ್ಳಿ, ಚೆನ್ನಾಗಿತ್ತು ಅನ್ನಿ, ಬ್ಲೌಸಿಗೆ ಎಲ್ಲರಂತೆ ರಸೀದಿ ಹರಿದು ಅಡ್ವಾನ್ಸ್ ಕೇಳಿ. ಮುಖ ಕೆಡದ ಹಾಗೆ ಕೇಳುವ ಒಂದು ವರಸೆ ನನ್ನ ಹತ್ತಿರ ಇದೆ. ಬರೆದರೆ ನನ್ನ ಗಿರಾಕಿಗಳೂ ಓದಿಬಿಡುತ್ತಾರೆ, ಬರೆಯಲ್ಲ.