ಮೂರನೆಯ ಕಸದ ತೊಟ್ಟಿ ಉಳಿದುಕೊಂಡಿತು

ಉದ್ಯಾನದ ಉಸ್ತುವಾರಿ ನನ್ನ ಹೆಗಲಿಗೆ ಬಿದ್ದ ವರ್ಷವೇ ಎರಡು ಪ್ಲಾಸ್ಟಿಕ್ ತೊಟ್ಟಿಗಳು ಹಾಳಾದವು. ಒಂದನ್ನು ಯಾರೋ ಒದ್ದು ಸೀಳಿದ್ದರು. ಇನ್ನೊಂದರೊಳಗೆ ಆರದ ಸಿಗರೇಟು ಬಿದ್ದು, ಬೆಳಿಗ್ಗೆ ನೋಡಿದರೆ ಮೇಣದಂತೆ ಕರಗಿ ನೆಲಕ್ಕೆ ಅಂಟಿತ್ತು. ಅಂಥ ಪ್ಲಾಸ್ಟಿಕ್ ಕರಗಲು ಸುಮಾರು 130 ಡಿಗ್ರಿ ಸೆಲ್ಸಿಯಸ್ ಸಾಕು.

ಮೂರನೆಯದಾಗಿ 2 ಮಿಲಿಮೀಟರ್ ದಪ್ಪದ, ಸತು ಲೇಪಿಸಿದ ಉಕ್ಕಿನ ತೊಟ್ಟಿ ತರಿಸಿದೆ. ವಾರದೊಳಗೆ ಅದೂ ಅಡ್ಡ ಬಿತ್ತು. ತಪ್ಪು ನನ್ನದೇ, ಮಣ್ಣಿನ ಮೇಲೆ ಸುಮ್ಮನೆ ಇಟ್ಟಿದ್ದೆ! ಕಾಂಕ್ರೀಟ್ ಹಾಸು ಹಾಕಿಸಿ ನಾಲ್ಕು ಆಂಕರ್ ಬೋಲ್ಟ್‌ಗಳಿಂದ ಬಿಗಿಸಿದೆ. ಬೋಲ್ಟ್‌ಗಳ ತಲೆ ತೊಟ್ಟಿಯ ಒಳಗೇ ಇರುವುದರಿಂದ ಬೀಗ ತೆಗೆಯದೆ ಸ್ಪ್ಯಾನರ್ ಹಾಕಲಾಗದು.

ದಪ್ಪಕ್ಕಿಂತ ಮುಖ್ಯವಾದದ್ದು ಬಾಯಿ. ಮೇಲೆ ಮುಚ್ಚಿ, ಪಕ್ಕದಲ್ಲಿ ಕಿರಿದಾದ ಕಿಂಡಿ ಇಟ್ಟಿದ್ದರೆ ಮನೆಯ ಕಸದ ಮೂಟೆ ತುರುಕಲಾಗದು. ಬೆಂಕಿ ಬಿದ್ದರೂ ಗಾಳಿ ಸಾಲದೆ ಅದು ಹೆಚ್ಚು ಭುಗಿಲೇಳುವುದಿಲ್ಲ. ಒಳಗಿನ ಡಬ್ಬವೂ ಲೋಹದ್ದೇ ಇರಲಿ. ತಳದಲ್ಲಿ ನೀರು ಬಸಿಯಲು ತೂತುಗಳು ಬೇಕು, ಇಲ್ಲವಾದರೆ ತುಕ್ಕು.

ಗೀಚುವವರು ಮಾತ್ರ ನಿಂತಿಲ್ಲ. ಗೀಚುಬರಹ ಅಂಟದ ನುಣುಪು ಲೇಪವಿರುವುದರಿಂದ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತೇನೆ. ಮೊನ್ನೆ ಯಾರೋ ಬಿಡಿಸಿದ ಬೆಕ್ಕನ್ನು ಒರೆಸಲಿಲ್ಲ. ಮೀಸೆ ಚೆನ್ನಾಗಿತ್ತು.