ಪಾಸ್ತಾ ಕೌಂಟರಿನಲ್ಲಿ ತಬ್ಬಿಬ್ಬಾಗದಿರಲು

ಮೊನ್ನೆ ದಾವಣಗೆರೆಯ ಒಂದು ಪಾಸ್ತಾ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಮುಂದೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೌಂಟರಿನ ಹುಡುಗ 'ಯಾವ ಪಾಸ್ತಾ ಸರ್, ಯಾವ ಸಾಸ್?' ಅಂದ. ಯಜಮಾನರು ಬೋರ್ಡ್ ನೋಡಿದರು, ಹೆಂಡತಿ ಮುಖ ನೋಡಿದರು, ಹಿಂದಿದ್ದ ಸಾಲು ನೋಡಿದರು. 'ನಾಲ್ಕು ವೈಟ್ ಸಾಸ್ ಕೊಡಪ್ಪ' ಅಂದರು. ನಾಲ್ಕರಲ್ಲೂ ಅರ್ಧರ್ಧ ಉಳಿಯಿತು. ದೋಸೆಗೆ ಇನ್ನೊಂಚೂರು ಬೆಣ್ಣೆ ಹಾಕಿ ಅಂತ ಧೈರ್ಯವಾಗಿ ಕೇಳುವ ಊರು ನಮ್ಮದು. ಇಲ್ಲಿ ಮಾತ್ರ ಬಾಯಿ ಕಟ್ಟುತ್ತದೆ.

ಮೊದಲು: ಸಾಲಿಗೆ ನಿಲ್ಲುವ ಮುಂಚೆಯೇ ಬೋರ್ಡ್ ಓದಿಕೊಳ್ಳಿ. ಉಳಿದಿದ್ದೆಲ್ಲ ದರ್ಶಿನಿ ಲೆಕ್ಕವೇ: ದುಡ್ಡು ಕೊಡಿ, ಟೋಕನ್ ತಗೊಳ್ಳಿ, ನಂಬರ್ ಕೂಗಿದಾಗ ತಟ್ಟೆ ತಂದುಕೊಳ್ಳಿ.

ಆಕಾರ: ಗಟ್ಟಿ ಗೋಧಿಯ ರವೆಯನ್ನು ನೀರಲ್ಲಿ ಕಲಸಿ ಒತ್ತಿದ್ದೇ ಪಾಸ್ತಾ. ಪೆನ್ನೆ ಅಂದರೆ ಓರೆಯಾಗಿ ಕತ್ತರಿಸಿದ ಕೊಳವೆ, ಫ್ಯುಸಿಲಿ ತಿರುಪಿನ ಥರ, ಸ್ಪಗೆಟಿ ಉದ್ದ ಎಳೆ. ಮೊದಲ ಸಲವಾದರೆ ಪೆನ್ನೆ, ಬೇರೆ ಯೋಚನೆಯೇ ಬೇಡ.

ಸಾಸ್: ಎಲ್ಲರೂ ಎಡವುವುದು ಇಲ್ಲೇ. ಗೊತ್ತಿರುವ ಹೆಸರು ಅಂತ ವೈಟ್ ಸಾಸ್ ಹೇಳುತ್ತಾರೆ. ಅದು ಮೈದಾ, ಬೆಣ್ಣೆ, ಹಾಲು. ನಾಲ್ಕು ತುತ್ತಿಗೆ ಬಾಯಿ ಕಟ್ಟಿಹೋಗುತ್ತದೆ. ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚುವ ನಾಲಿಗೆಗೆ ಅರಾಬಿಯಾತ ಸರಿ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಅಷ್ಟೇ. ಇಟಾಲಿಯನ್ನಿನಲ್ಲಿ ಆ ಮಾತಿಗೆ 'ಸಿಟ್ಟಾಗಿರುವ' ಅಂತ ಅರ್ಥ! ಅಲ್ಯೊ ಎ ಓಲ್ಯೊ ಅಂದರೆ 'ಬೆಳ್ಳುಳ್ಳಿ ಮತ್ತು ಎಣ್ಣೆ'. ಒಗ್ಗರಣೆಯಲ್ಲೇ ಹೊರಳಿಸಿದ ಹಾಗಿರುತ್ತದೆ, ಗ್ರೇವಿ ಎಲ್ಲಿ ಅಂತ ಕೇಳಬೇಡಿ. ಪೆಸ್ಟೊ ಜಿನೋವಾ ಕಡೆಯ ಹಸಿರು ಚಟ್ನಿ, ನಮ್ಮ ತುಳಸಿಯ ನೆಂಟ ಬೇಸಿಲ್ ಸೊಪ್ಪಿನದು. ಇನ್ನು ಅಲ್ಫ್ರೆಡೊ. ರೋಮ್‌ನಲ್ಲಿ ಅದು ಹುಟ್ಟಿದಾಗ ಬಿಸಿ ಪಾಸ್ತಾಕ್ಕೆ ಬೆಣ್ಣೆ, ಚೀಸ್ ಎರಡೇ. ಕ್ರೀಮ್ ಆಮೇಲೆ ಅಮೆರಿಕದಲ್ಲಿ ಸೇರಿತು. ಬೆಣ್ಣೆಯದ್ದೇ ಮಾಡಿಕೊಡುತ್ತೀರಾ ಅಂತ ಕೇಳಿ ನೋಡಿ, ಬೆಣ್ಣೆದೋಸೆ ಊರಲ್ಲಿ ಕೇಳಲು ನಾಚಿಕೆ ಏನು? ಏನೂ ತೋಚದಿದ್ದರೆ ಪಿಂಕ್ ಸಾಸ್, ಟೊಮೆಟೊಗೆ ಕ್ರೀಮ್ ಬೆರೆಸಿದ್ದು.

ಸಸ್ಯಾಹಾರಿಗಳು ಇನ್ನೊಂದು ಮಾತು ಕೇಳಲೇಬೇಕು: ಮೇಲೆ ಉದುರಿಸುವ ಚೀಸ್ ಯಾವುದು? ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪ್ಯಾಕೆಟ್ ತೋರಿಸಲು ಹೇಳಿ, ಹಸಿರು ಚುಕ್ಕೆ ಇದೆಯಾ ನೋಡಿ. ಬೋರ್ಡಿನಲ್ಲಿ ಕಾರ್ಬೊನಾರ ಅನ್ನುವ ಪಾಸ್ತಾ ಕಂಡರೆ, ಅದರಲ್ಲಿ ಮೊಟ್ಟೆ ಇರುತ್ತದೆ, ಅಸಲಿಯದರಲ್ಲಿ ಹಂದಿಮಾಂಸವೂ.

ತಟ್ಟೆ ಬಂದ ಮೇಲೆ: ತಕ್ಷಣ ತಿನ್ನಿ. ಫೋಟೊ ಒಂದು ಸಾಕು. ಆರಿದರೆ ಸಾಸ್ ಪಾಸ್ತಾಕ್ಕೆ ಅಂಟಿ ಮುದ್ದೆಯಾಗುತ್ತದೆ. ಕಚ್ಚಿದಾಗ ನಡುವೆ ಚೂರು ಗಟ್ಟಿ ಸಿಕ್ಕರೆ ಬೆಂದಿಲ್ಲ ಅಂತ ಜಗಳಕ್ಕೆ ಹೋಗಬೇಡಿ, ಹದ ಅಂದರೆ ಅದೇ. ಹಿಟ್ಟು ಹಿಟ್ಟಾಗಿ ಹಲ್ಲಿಗೆ ಮೆತ್ತಿಕೊಂಡರೆ ಮಾತ್ರ ವಾಪಸ್ ಕೊಡಿ.

ಸ್ಪಗೆಟಿಯನ್ನು ಗುಡ್ಡೆಯ ನಡುವೆ ಫೋರ್ಕ್ ಚುಚ್ಚಿ ಎತ್ತಿದರೆ ಅರ್ಧ ತಟ್ಟೆಯೇ ಎದ್ದು ಬರುತ್ತದೆ, ಅಂಗಿ ಕೆಂಪಾಗುತ್ತದೆ. ನನ್ನದೂ ಆಗಿದೆ. ಮೂರ್ನಾಲ್ಕು ಎಳೆ ಮಾತ್ರ ತಟ್ಟೆಯ ಅಂಚಿಗೆ ಎಳೆದುಕೊಳ್ಳಿ. ಫೋರ್ಕ್ ನೆಟ್ಟಗೆ ನಿಲ್ಲಿಸಿ, ತುದಿ ತಟ್ಟೆಗೆ ತಾಗಿರಲಿ, ಅಲ್ಲೇ ತಿರುಗಿಸಿ. ಉಂಡೆ ನೆಲ್ಲಿಕಾಯಿಯಷ್ಟಾದರೆ ಸಾಕು. ಕೆಚಪ್ ಪೊಟ್ಟಣ ಮಾತ್ರ ಮುಟ್ಟಬೇಡಿ, ಎಲ್ಲ ಸಾಸೂ ಸಿಹಿ ಸಿಹಿ ಒಂದೇ ರುಚಿಯಾಗುತ್ತದೆ.

ಪಾರ್ಸೆಲ್ ನನಗೆ ಇಷ್ಟವಿಲ್ಲ. ತಂದೇ ಬಿಟ್ಟಿದ್ದರೆ ಬಾಣಲೆಗೆ ಹಾಕಿ, ಬಿಳಿ ಸಾಸಿಗೆ ಎರಡು ಚಮಚ ಹಾಲು, ಕೆಂಪಿಗೆ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ.